ಅಂಗಾಲಿಗೆ ಕೇಳಿಸುವ ಹಾಡು

ಅಕ್ಕನ ಮಗ ನ್ಯೂಜಿಲೆಂಡಿನ ಟೌರಂಗಾದಲ್ಲಿ ಕೆಲಸದಲ್ಲಿದ್ದಾನೆ. 2024ರ ನವೆಂಬರ್ 8, ಶುಕ್ರವಾರ, ಅರ್ಧ ದಿನ ರಜೆ ಹಾಕಿ ಕಾರು ಹತ್ತಿದ. ಕೈಮಾಯ್ ಘಟ್ಟ ಇಳಿದು, ದನ ಮೇಯುವ ಬಯಲುಗಳನ್ನು ಹಾದು, ಸುಮಾರು 200 ಕಿಲೋಮೀಟರ್ ದೂರದ ಆಕ್ಲೆಂಡ್ ಸೇರಿದ. ಅಲ್ಲಿನ ಮೌಂಟ್ ಸ್ಮಾರ್ಟ್ ಸ್ಟೇಡಿಯಮ್ಮಿನಲ್ಲಿ ಮೊದಲು ಪಿಕ್ಸೀಸ್, ಆಮೇಲೆ ಪರ್ಲ್ ಜಾಮ್. ಎರಡೂ ಅವನು ಕಾಲೇಜಿನ ದಿನಗಳಿಂದ ಹಚ್ಚಿಕೊಂಡ ಬ್ಯಾಂಡುಗಳು. ಮುಗಿದ ಮೇಲೆ ಅದೇ ರಾತ್ರಿ ಅಷ್ಟೇ ದೂರ ವಾಪಸ್. ಟೌರಂಗಾಕ್ಕೆ ಪ್ರಯಾಣಿಕರ ರೈಲು 2001ರಲ್ಲೇ ನಿಂತುಹೋಗಿದೆ, ಕಾರೇ ಗತಿ.

ಮಾರನೆ ದಿನ ತಿಪಟೂರಿನಿಂದ ಅಕ್ಕ ಫೋನಿನಲ್ಲಿ ಕೇಳಿದಳು: 'ಅಷ್ಟು ದೂರ ಹೋಗಿ ಏನು ಕೇಳಿಸ್ಕೊಂಡ್ಯೋ? ಅದೇ ಹಾಡು ಮೊಬೈಲಲ್ಲಿ ಇನ್ನೂ ಚೆನ್ನಾಗಿ ಕೇಳ್ಸಲ್ವಾ?'

'ಕೇಳ್ಸುತ್ತಮ್ಮ. ಆದ್ರೆ ಮೊಬೈಲು ಅಂಗಾಲಿಗೆ ಕೇಳ್ಸಲ್ಲ' ಅಂದನಂತೆ.

ಅಕ್ಕ ಅದನ್ನು ತಲೆಹರಟೆ ಎಂದುಕೊಂಡು ನನಗೆ ಹೇಳಿ ನಕ್ಕಳು. ಆದರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅದಕ್ಕೆ ಭೂಕಂಪಮಾಪಕದ ಸಾಕ್ಷಿಯೇ ಇದೆ.

2011ರ ಡಿಸೆಂಬರ್ 13ರಂದು ಆಕ್ಲೆಂಡಿನ ವೆಸ್ಟರ್ನ್ ಸ್ಪ್ರಿಂಗ್ಸ್ ಮೈದಾನದಲ್ಲಿ ಫೂ ಫೈಟರ್ಸ್ ಬ್ಯಾಂಡು ನುಡಿಸಿತು. ಜನ ಸುಮಾರು 50 ಸಾವಿರ. ನ್ಯೂಜಿಲೆಂಡಿನ ನೆಲದ ಮಿಸುಕಾಟವನ್ನೆಲ್ಲ ಹಗಲೂ ರಾತ್ರಿ ದಾಖಲಿಸುವ ಜಿಯೋನೆಟ್ ಎಂಬ ವ್ಯವಸ್ಥೆಯ ಮಾಪಕಗಳಲ್ಲಿ ಆ ಸಂಜೆ ವಿಚಿತ್ರ ಗೆರೆ ಮೂಡಿತು. ಸೆಕೆಂಡಿಗೆ ಸುಮಾರು ಮೂರು ಬಾರಿ, ಒಂದೇ ಸಮನೆ ತೂಗುವ ಅಲೆ. ಮುಖ್ಯ ಬ್ಯಾಂಡು ವೇದಿಕೆಗೆ ಬಂದಾಗ ಗೆರೆ ದಪ್ಪಗಾಯಿತು, ಎರಡು ಹಾಡುಗಳ ನಡುವೆ ತೆಳ್ಳಗಾಯಿತು, ರಾತ್ರಿ 11ರ ನಂತರ ಮಲಗಿತು. ಜ್ವಾಲಾಮುಖಿಯೊಂದು ಒಳಗೊಳಗೇ ಗುಡುಗುವಾಗ ಬರುವ ಗೆರೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಐವತ್ತಕ್ಕೂ ಹೆಚ್ಚು ಹಳೆಯ ಜ್ವಾಲಾಮುಖಿಗಳ ಮೇಲೆ ಕೂತಿರುವ ಊರಿನಲ್ಲಿ ಇದು ನಗೆಚಾಟಿಕೆಯ ವಿಷಯವಲ್ಲ, ಆದರೂ ವಿಜ್ಞಾನಿಗಳು ಅಂದು ನಕ್ಕಿರಬೇಕು.

ನೆಲ ನಡುಗಿಸಿದ್ದು ಸ್ಪೀಕರುಗಳು ಎಂದು ಅನ್ನಿಸಬಹುದು. ಮುಖ್ಯವಾಗಿ ಅದು ಜನರ ಕೆಲಸ. ಒಬ್ಬೊಬ್ಬರ ತೂಕ 70 ಕಿಲೋ ಅಂತ ಹಿಡಿದರೆ 50 ಸಾವಿರ ಜನ ಎಂದರೆ 3,500 ಟನ್. ಕುಣಿದು ಕೆಳಗಿಳಿಯುವ ಕ್ಷಣಕ್ಕೆ ಒಬ್ಬ ಮನುಷ್ಯ ನೆಲದ ಮೇಲೆ ಹಾಕುವ ಒತ್ತಡ ಅವನ ತೂಕದ ಎರಡು ಮೂರು ಪಟ್ಟು. ಬೀದಿಯಲ್ಲಿ ಸಾವಿರಾರು ಜನ ಓಡಾಡುವಾಗಲೂ ನೆಲಕ್ಕೆ ತೂಕ ಬೀಳುತ್ತದೆ, ಆದರೆ ಎಲ್ಲರ ಹೆಜ್ಜೆಯೂ ಬೇರೆ ಬೇರೆ, ಒಂದನ್ನೊಂದು ನುಂಗಿಹಾಕುತ್ತವೆ. ಡ್ರಮ್ಮಿನವನು ಮಾಡುವುದು ಒಂದೇ ಕೆಲಸ: ಅಷ್ಟೂ ಪಾದಗಳನ್ನು ಒಂದೇ ಗಳಿಗೆಗೆ ನೆಲಕ್ಕೆ ತರುವುದು. ಡೊಳ್ಳು ಕುಣಿತದ ತಂಡದಲ್ಲಿ ಹನ್ನೆರಡು ಜನ ಒಟ್ಟಿಗೆ ಹೆಜ್ಜೆ ಊರಿದಾಗ ಜಗಲಿಯ ಮೇಲೆ ಕೂತವರಿಗೂ ತಿಳಿಯುತ್ತದಲ್ಲ, ಅದನ್ನೇ ನಾಲ್ಕು ಸಾವಿರ ಪಟ್ಟು ಮಾಡಿಕೊಳ್ಳಿ.

ಇದು ತಮಾಷೆಗೆ ಮೀರಿ ಹೋದ ಉದಾಹರಣೆಯೂ ಇದೆ. 1985ರ ಜೂನ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಉಲ್ಲೆವಿ ಸ್ಟೇಡಿಯಮ್ಮಿನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡಿದರು. ಸ್ಟೇಡಿಯಂ ನಿಂತಿದ್ದು ಜೇಡಿಮಣ್ಣಿನ ಮೇಲೆ. ಜನ ತಾಳಕ್ಕೆ ಸರಿಯಾಗಿ ಕುಣಿದರು; ಅವರ ಕುಣಿತದ ವೇಗಕ್ಕೂ ಆ ಮೆತ್ತನೆಯ ಮಣ್ಣು ತೂಗುವ ವೇಗಕ್ಕೂ ಹೊಂದಿಕೆಯಾಗಿಬಿಟ್ಟಿತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ಕೈಯೂ ದೊಡ್ಡ ಜೀಕು ಕೊಡುತ್ತದೆ. ಕಟ್ಟಡಕ್ಕೆ ಪೆಟ್ಟಾಯಿತು. ಅಂದಿನಿಂದ ಸ್ಟೇಡಿಯಂ ಕಟ್ಟುವ ಎಂಜಿನಿಯರುಗಳು ಕೂತ ಜನರ ತೂಕವನ್ನಷ್ಟೇ ಅಲ್ಲ, ಕುಣಿಯುವ ಜನರ ತಾಳವನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು.

ಆಕ್ಲೆಂಡಿನ ಪುಣ್ಯಕ್ಕೆ ಅಲ್ಲಿಯ ನೆಲ ಗಟ್ಟಿ. ಮೌಂಟ್ ಸ್ಮಾರ್ಟ್ ಅನ್ನುವುದು ಹೆಸರೇ ಹೇಳುವಂತೆ ಒಂದು ಗುಡ್ಡವಾಗಿತ್ತು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಅದನ್ನು ಕರೆದದ್ದು ರಾರೊಟೊಂಗಾ ಎಂದು. ಜ್ವಾಲಾಮುಖಿ ಕಟ್ಟಿದ ಗುಡ್ಡ. ಅದರ ಕಲ್ಲನ್ನೆಲ್ಲ ಕ್ವಾರಿ ಮಾಡಿ ತೆಗೆದುಬಿಟ್ಟರು. ಉಳಿದ ಹೊಂಡದಲ್ಲಿ 1967ರಲ್ಲಿ ಸ್ಟೇಡಿಯಂ ಶುರುವಾಯಿತು. ಅಂದರೆ ನಮ್ಮ ಹುಡುಗ ಅಂದು ಕುಣಿದದ್ದು ಜ್ವಾಲಾಮುಖಿಯ ಹೊಟ್ಟೆಯೊಳಗೆ. ವೆಸ್ಟರ್ನ್ ಸ್ಪ್ರಿಂಗ್ಸ್ ಕೂಡ ಲಾವಾ ಹರಿದು ನಿಂತ ತಗ್ಗೇ. 1983ರ ನವೆಂಬರ್‌ನಲ್ಲಿ ಡೇವಿಡ್ ಬೋವೀ ಅಲ್ಲಿ ಹಾಡಿದಾಗ 80 ಸಾವಿರ ಜನ ಸೇರಿದ್ದರು. ಆಗ ಇಡೀ ದೇಶದ ಜನಸಂಖ್ಯೆ ಸುಮಾರು 32 ಲಕ್ಷ. ನಲವತ್ತರಲ್ಲಿ ಒಬ್ಬರು ಒಂದೇ ರಾತ್ರಿ ಒಂದೇ ತಗ್ಗಿನಲ್ಲಿ!

ಇನ್ನು ಕಿವಿಯ ವಿಷಯ. ಅಕ್ಕನ ಪ್ರಶ್ನೆಯಲ್ಲಿ ಅರ್ಧ ನ್ಯಾಯ ಇದೆ. ಇಷ್ಟು ದೊಡ್ಡ ಬಯಲಿನಲ್ಲಿ ಹಾಡನ್ನು ಸರಿಯಾಗಿ ಕೇಳಿಸುವುದು ಪ್ರಕೃತಿಗೇ ವಿರುದ್ಧವಾದ ಕೆಲಸ. ಸ್ಟೇಡಿಯಂ ಕಾನ್ಸರ್ಟುಗಳ ಕಾಲ ಶುರುವಾದದ್ದು 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶಿಯಾ ಸ್ಟೇಡಿಯಮ್ಮಿನಲ್ಲಿ, ಬೀಟಲ್ಸ್ ಹಾಡಿದಾಗ. 55 ಸಾವಿರಕ್ಕೂ ಹೆಚ್ಚು ಜನ. ಅಷ್ಟು ಜನಕ್ಕೆ ದನಿ ಮುಟ್ಟಿಸಲು ಆಸರೆಯಾಗಿದ್ದು ಬೇಸ್‌ಬಾಲ್ ಪಂದ್ಯದ ಹೊತ್ತಿನಲ್ಲಿ ಪ್ರಕಟಣೆ ಕೂಗುವ ಅಲ್ಲಿನ ಮೈಕುಗಳು. ಜನರ ಕಿರುಚಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ನಂಬರು ಕೂಗುವ ಮೈಕಿನಲ್ಲಿ ಭೀಮಸೇನ ಜೋಶಿಯವರನ್ನು ಕೇಳಿದ ಹಾಗೆ.

ಸಮಸ್ಯೆಯ ಮೂಲ ಇಷ್ಟು: ಸದ್ದು ನಿಧಾನಸ್ಥ. ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ವೇದಿಕೆಯಿಂದ 170 ಮೀಟರ್ ದೂರ ಕೂತವನಿಗೆ ಡ್ರಮ್ಮಿನ ಪೆಟ್ಟು ಅರ್ಧ ಸೆಕೆಂಡು ತಡವಾಗಿ ಮುಟ್ಟುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಅಲ್ಲಿಗೆ ಇಡೀ ಒಂದು ಪೆಟ್ಟೇ ಹಿಂದೆ ಬಿತ್ತು. ಮುಂದಿನವರು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ಹಿಂದಿನವರು ತಟ್ಟುತ್ತಾರೆ. ದೂರದಿಂದ ನೋಡಿದರೆ ಕೈಗಳು ಭತ್ತದ ಗದ್ದೆಯಲ್ಲಿ ಗಾಳಿ ಹೋದ ಹಾಗೆ ಅಲೆಯಾಗಿ ಏಳುವುದು ಇದಕ್ಕೇ. ಯಾರೂ ತಾಳ ತಪ್ಪಿಲ್ಲ. ಎಲ್ಲರೂ ತಮಗೆ ಕೇಳಿಸಿದ ತಾಳಕ್ಕೆ ಸರಿಯಾಗಿಯೇ ತಟ್ಟಿದ್ದಾರೆ.

ಹಿಂದಿನವರಿಗೂ ಸರಿಯಾಗಿ ಕೇಳಲಿ ಎಂದು ಮೈದಾನದ ನಡುವೆ ಗೋಪುರ ನಿಲ್ಲಿಸಿ ಇನ್ನಷ್ಟು ಸ್ಪೀಕರು ಕಟ್ಟುತ್ತಾರೆ. ಆದರೆ ತಂತಿಯಲ್ಲಿ ಸಂಕೇತ ಕಣ್ಣೆವೆ ಮುಚ್ಚುವಷ್ಟರಲ್ಲಿ ಬಂದುಬಿಡುತ್ತದೆ, ಗಾಳಿಯಲ್ಲಿ ಬರುವ ಸದ್ದು ಇನ್ನೂ ದಾರಿಯಲ್ಲಿರುತ್ತದೆ. ಎರಡೂ ಸೇರಿದರೆ ಕಲಸುಮೇಲೋಗರ. ಅದಕ್ಕೇ ಗೋಪುರದ ಸ್ಪೀಕರನ್ನು ಬೇಕೆಂದೇ ಕಾಯಿಸುತ್ತಾರೆ: ವೇದಿಕೆಯ ಸದ್ದು ನಡೆದುಕೊಂಡು ಅಲ್ಲಿಗೆ ಬರುವವರೆಗೆ, ಅದರ ಮೇಲೆ ಇನ್ನೊಂದು ಚೂರು. ಆ ಚೂರಿನಲ್ಲೇ ಜಾಣತನ ಇರುವುದು. ನಮ್ಮ ಕಿವಿ ಮೊದಲು ಬಂದ ಸದ್ದಿನ ದಿಕ್ಕನ್ನೇ ನಂಬುತ್ತದೆ. ಹತ್ತಿರದ ಸ್ಪೀಕರು ಸ್ವಲ್ಪ ಜೋರಾಗಿದ್ದರೂ ಒಂದು ಚೂರು ಹಿಂದೆ ಬಂದರೆ, ಹಾಡು ದೂರದ ವೇದಿಕೆಯಿಂದಲೇ ಬರುತ್ತಿದೆ ಎಂದು ಮೋಸ ಹೋಗುತ್ತದೆ. ಸಂಜೆ ತಣ್ಣಗಾದಂತೆ ಸದ್ದಿನ ವೇಗವೂ ಸ್ವಲ್ಪ ತಗ್ಗುತ್ತದೆ. ಅದಕ್ಕೂ ಲೆಕ್ಕ ತಿದ್ದಬೇಕು. ಸೌಂಡ್ ಎಂಜಿನಿಯರ್ ಅನ್ನುವವನು ಮೂರು ಗಂಟೆ ಹೊತ್ತು ಹವಾಮಾನ ಇಲಾಖೆಯವನೂ ಹೌದು.

ತಗ್ಗು ದನಿಗಳದ್ದು ಬೇರೆಯೇ ಸ್ವಭಾವ. ಬೇಸ್ ಗಿಟಾರಿನ ಒಂದು ಅಲೆ ಏಳು ಮೀಟರ್ ಉದ್ದ ಇರಬಹುದು. ಅಷ್ಟು ಉದ್ದದ ಅಲೆಗೆ ಗೋಡೆ, ಮರ, ಮನುಷ್ಯ ಯಾವುದೂ ಲೆಕ್ಕಕ್ಕಿಲ್ಲ. ಸುತ್ತಿಕೊಂಡು ಹೋಗುತ್ತದೆ, ಎದೆಗೂಡನ್ನೇ ತಮಟೆ ಮಾಡಿಕೊಳ್ಳುತ್ತದೆ. ಮೇಲು ದನಿಗಳನ್ನು ಗಾಳಿ ದಾರಿಯಲ್ಲೇ ತಿಂದುಹಾಕುತ್ತದೆ. ಹೀಗಾಗಿ ಸ್ಟೇಡಿಯಮ್ಮಿನ ಆಚೆ ಬೀದಿಯಲ್ಲಿ ಮನೆ ಇರುವವರಿಗೆ ಹಾಡು ಕೇಳಿಸದು, ಬರೀ ಗುದ್ದು ಕೇಳಿಸುತ್ತದೆ. ಪಕ್ಕದ ಕಲ್ಯಾಣ ಮಂಟಪದ ಆರ್ಕೆಸ್ಟ್ರಾವನ್ನು ಮಲಗುವ ಕೋಣೆಯಿಂದ ಕೇಳಿದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ದೊಡ್ಡ ಕಾನ್ಸರ್ಟುಗಳಿಗೆ ಅನುಮತಿ ಸಿಗಲು 2021ರವರೆಗೆ ಕಾಯಬೇಕಾಯಿತು. ವಿರೋಧಿಸಿದ ನೆರೆಯವರಲ್ಲಿ ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಕೂಡ ಒಬ್ಬರು. ಕೊನೆಗೆ ಅದೇ ವರ್ಷದ ಏಪ್ರಿಲ್ 24ರಂದು ಅಲ್ಲಿ ಮೊದಲು ಹಾಡಿದ್ದು ಆ ನಾಡಿನದೇ ಬ್ಯಾಂಡು, ಸಿಕ್ಸ್60. ಲೋಕವೆಲ್ಲ ಕೊರೊನಾಕ್ಕೆ ಬಾಗಿಲು ಹಾಕಿಕೊಂಡಿದ್ದಾಗ ಅಲ್ಲಿ ಸುಮಾರು 50 ಸಾವಿರ ಜನ ಮುಖಗವಸಿಲ್ಲದೆ ಒತ್ತೊತ್ತಿಗೆ ನಿಂತಿದ್ದರು.

ಕಿವಿಯ ಆರೋಗ್ಯದ ಬಗ್ಗೆ ಒಂದೇ ಮಾತು. ಇಂಥ ಜಾಗಗಳಲ್ಲಿ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಾನು 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿ ಬಂದಮೇಲೆ ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಆಗ ಅದನ್ನು ಹೆಮ್ಮೆ ಎಂದುಕೊಂಡಿದ್ದೆ. ಈಗ ಜೇಬಿನಲ್ಲಿ ಇಯರ್ ಪ್ಲಗ್ ಇಟ್ಟುಕೊಳ್ಳುವವರನ್ನು ಕಂಡರೆ ಗೌರವ.

ಜನ ಒತ್ತೊತ್ತಿಗೆ ನಿಲ್ಲುವುದರಲ್ಲಿ ಇನ್ನೊಂದು ಲೆಕ್ಕ ಇದೆ, ಅದು ಇಷ್ಟು ಹಗುರಾಗಿ ಹೇಳುವಂಥದ್ದಲ್ಲ. ಒಂದು ಚದರ ಮೀಟರಿಗೆ ನಾಲ್ಕು ಜನ ಇರುವವರೆಗೆ ಪ್ರತಿಯೊಬ್ಬನೂ ತನ್ನ ಕಾಲ ಮೇಲೆ ತಾನು ನಿಂತಿರುತ್ತಾನೆ. ಆರು ಏಳಾದರೆ ಗುಂಪು ನೀರಿನಂತಾಗುತ್ತದೆ. ಎಲ್ಲೋ ಒಂದು ತಳ್ಳು, ಇನ್ನೆಲ್ಲೋ ಅದರ ಅಲೆ. ಆಗ ಯಾರ ಧೈರ್ಯವೂ ಯಾರ ತೋಳ್ಬಲವೂ ಉಪಯೋಗಕ್ಕೆ ಬರುವುದಿಲ್ಲ. ಉಸಿರಾಡಲು ಎದೆ ಹಿಗ್ಗಿಸುವಷ್ಟು ಜಾಗ ಇಲ್ಲದೆ ನಿಂತಲ್ಲೇ ಜೀವ ಹೋಗುತ್ತದೆ. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಇದೇ ಪರ್ಲ್ ಜಾಮ್ ನುಡಿಸುತ್ತಿದ್ದಾಗ ಒಂಬತ್ತು ಜನ ಹೀಗೆ ಸತ್ತರು. ಬ್ಯಾಂಡು ಒಡೆಯುವ ಹಂತಕ್ಕೆ ಹೋಗಿತ್ತು. ಇವತ್ತು ದೊಡ್ಡ ಕಾನ್ಸರ್ಟುಗಳಲ್ಲಿ ವೇದಿಕೆಯ ಮುಂದಿನ ಜನರನ್ನು ಕಬ್ಬಿಣದ ಬೇಲಿಯಿಂದ ಕಟ್ಟೆಕಟ್ಟೆಯಾಗಿ ಒಡೆದು ನಿಲ್ಲಿಸುವುದು ದುಬಾರಿ ಟಿಕೆಟಿನವರ ಶೋಕಿಗೆ ಮಾತ್ರವಲ್ಲ. ಹಿಂದಿನ ತಳ್ಳು ಮುಂದಿನವರ ಪಕ್ಕೆಲುಬಿಗೆ ಮುಟ್ಟದಿರಲಿ ಎಂದು. ನಮಗೆ ಇದನ್ನು ಡೆನ್ಮಾರ್ಕಿನಿಂದ ಕಲಿಯಬೇಕಾದ ಅಗತ್ಯವೂ ಈಗ ಉಳಿದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಹೊರಗೆ 11 ಜನ ಸತ್ತರು. ಅಲ್ಲಿ ಇದ್ದದ್ದು ಹಾಡಲ್ಲ, ಕ್ರಿಕೆಟ್ಟಿನ ಸಂಭ್ರಮ. ಗುಂಪಿಗೆ ಆ ವ್ಯತ್ಯಾಸ ತಿಳಿಯದು.

ಟೌರಂಗಾಕ್ಕೆ ಬರೋಣ. ಇಂಥ ಬ್ಯಾಂಡುಗಳು ಅಲ್ಲಿಗೇ ಯಾಕೆ ಬರುವುದಿಲ್ಲ ಎಂದು ಅಕ್ಕನಿಗೆ ಇನ್ನೊಂದು ಅನುಮಾನ. ಲೆಕ್ಕ ಸುಲಭ. ಊರಿನ ಜನಸಂಖ್ಯೆ ಒಂದೂವರೆ ಲಕ್ಷದ ಮೇಲೆ, ಹೆಚ್ಚುಕಡಿಮೆ ನಮ್ಮ ಹಾಸನ. 50 ಸಾವಿರ ಟಿಕೆಟು ಮಾರಬೇಕಾದರೆ ಮೂರರಲ್ಲಿ ಒಬ್ಬರು ಬರಬೇಕು. ಹಾಗೆಂದು ಅದು ಹಾಡಿಲ್ಲದ ಊರಲ್ಲ. ಮೌಂಟ್ ಮೌಂಗಾನುಯಿ ಕಡೆಯ ಬೇಪಾರ್ಕ್ ಸ್ಟೇಡಿಯಮ್ಮಿನಲ್ಲಿ ಕಾರು ರೇಸು; ಹೊಸ ವರ್ಷದ ಹೊತ್ತಿಗೆ ಬೇ ಡ್ರೀಮ್ಸ್ ಎಂಬ ಹಬ್ಬವೂ ಅಲ್ಲಿ ನಡೆಯುತ್ತಿತ್ತು. ಊರ ನಡುವಿನ ಮೈದಾನದಲ್ಲಿ ಒನ್ ಲವ್ ಎಂಬ ರೆಗೆ ಹಬ್ಬ. ಈಸ್ಟರ್ ಬಂತೆಂದರೆ 1960ರ ದಶಕದಿಂದ ನಡೆದುಬಂದ ಜಾಝ್ ಹಬ್ಬ. ಕನ್ನಡದ ಓದುಗರಿಗೆ ಈ ಊರು ಗೊತ್ತಿರುವುದಾದರೆ ಅಲ್ಲಿನ ಬೇ ಓವಲ್ ಮೈದಾನದಿಂದ. 2024ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ರಚಿನ್ ರವೀಂದ್ರ 240 ರನ್ ಹೊಡೆದದ್ದು ಅಲ್ಲೇ. ಬೆಂಗಳೂರಿನಿಂದ ಹೋದ ತಂದೆತಾಯಿಯ ಮಗ.

ಊರಿನ ಹೆಸರನ್ನು ನಾವು ಟೌರಂಗಾ ಎಂದು ಬರೆಯುತ್ತೇವೆ. ಮಾವೊರಿ ಬಾಯಲ್ಲಿ ಅದು 'ತೌರಙ'. ದೋಣಿ ಲಂಗರು ಹಾಕಿ ದಣಿವಾರಿಸಿಕೊಳ್ಳುವ ತಾಣ ಎಂದು ಅರ್ಥ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಆದಮೇಲೆ ಙ ಎಂದು ಮೂಗಿನಲ್ಲಿ ರಾಗ ಎಳೆದು, ಈ ಅಕ್ಷರ ಯಾಕಾದರೂ ಇದೆಯೋ ಎಂದು ಬೈದುಕೊಂಡವರೇ ನಾವೆಲ್ಲ. ಅದಕ್ಕೆ ಕೆಲಸ ಇರುವುದು ಅಲ್ಲಿ. ಟೌರಂಗಾದ ಮೂಲ ಕುಲಗಳಲ್ಲಿ ಒಂದರ ಹೆಸರು ಙಾಯ್ ತೆ ರಙಿ. ಅಂತೂ ನಮ್ಮ ವರ್ಣಮಾಲೆಯಲ್ಲಿ ಬಾಡಿಗೆಗೆ ಸಿಗದೆ ಖಾಲಿ ಬಿದ್ದಿದ್ದ ಕೋಣೆಗೆ ಒಬ್ಬರು ಸಿಕ್ಕರು.

ಆ ಕುಲದ ನೆಲ ನಡುಗಿದ ಕಥೆಯೊಂದು ರಾಕ್ ಹಾಡಾಗಿದೆ. ಏಲಿಯನ್ ವೆಪನ್ರಿ ಎಂಬ ಬ್ಯಾಂಡು, ಹೆನ್ರಿ ಮತ್ತು ಲೂಯಿಸ್ ಡಿ ಯಾಂಗ್ ಎಂಬ ಅಣ್ಣತಮ್ಮಂದಿರು ಹುಟ್ಟುಹಾಕಿದ್ದು. ಮಾವೊರಿ ನುಡಿಯಲ್ಲೇ ಎಲ್ಲ ಕಲಿಸುವ ಶಾಲೆಗೆ ಚಿಕ್ಕಂದಿನಲ್ಲಿ ಹೋದವರು, ಹಾಡು, ಹಾಕಾ ಕುಣಿತ ದಿನವೂ ಮಾಡಿದವರು. 2016ರಲ್ಲಿ, ಇನ್ನೂ ಹೈಸ್ಕೂಲಿನ ವಯಸ್ಸಿನಲ್ಲಿ, 'ರೂ ಅನ ತೆ ಫೆನುಅ' ಎಂಬ ಹಾಡು ಬಿಟ್ಟರು. ನೆಲ ನಡುಗುತ್ತಿದೆ ಎಂದು ಅರ್ಥ. ಮೆಟಲ್ ಸಂಗೀತ, ಮಾವೊರಿ ಮಾತು. 'ರೂ' ಎಂದರೆ ಕಂಪನ. ಭೂಕಂಪದ ದೇವರ ಹೆಸರು ರೂಆಉಮೊಕೊ, ಭೂತಾಯಿಯ ಹೊಟ್ಟೆಯಿಂದ ಇನ್ನೂ ಹೊರಗೆ ಬಾರದ ಕೊನೆಯ ಮಗು. 'ಫೆನುಅ' ಎಂದರೆ ನೆಲ. ಹೆರಿಗೆಯಾದ ಮೇಲೆ ಬೀಳುವ ಮಾಸಿಗೂ ಅದೇ ಪದ. ಅದನ್ನು ನೆಲದಲ್ಲಿ ಹೂಳುವುದು ಅವರ ಪದ್ಧತಿ. ನಮ್ಮ ಹಳ್ಳಿಗಳಲ್ಲೂ ಹೂಳುತ್ತಿದ್ದರು, ಪದ ಮಾತ್ರ ಬೇರೆ ಇಟ್ಟುಕೊಂಡೆವು.

ಹಾಡಿನ ಕಥೆ ನಡೆದದ್ದು 1864ರ ಏಪ್ರಿಲ್ 29ರಂದು, ಟೌರಂಗಾದ ಪುಕೆಹಿನಹಿನ ಎಂಬ ದಿಬ್ಬದಲ್ಲಿ. ಇಂಗ್ಲಿಷರ ಬಾಯಲ್ಲಿ ಗೇಟ್ ಪಾ. 'ಪಾ' ಎಂದರೆ ಮಾವೊರಿ ಕೋಟೆ. ಬ್ರಿಟಿಷ್ ಜನರಲ್ ಡಂಕನ್ ಕ್ಯಾಮರೂನನ ಕೈಯಲ್ಲಿ ಸುಮಾರು 1,700 ಜನ, ಜೊತೆಗೆ 110 ಪೌಂಡು ತೂಕದ ಗುಂಡು ಹಾರಿಸುವ ಆರ್ಮ್‌ಸ್ಟ್ರಾಂಗ್ ಫಿರಂಗಿ. ಎದುರಿಗೆ ರಾವಿರಿ ಪುಹಿರಾಕೆಯ ಮುಂದಾಳತ್ವದಲ್ಲಿ ಇನ್ನೂರೈವತ್ತರಷ್ಟು ಮಾವೊರಿಗಳು. ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಆ ದಿಬ್ಬದ ಮೇಲೆ ಗುಂಡಿನ ಮಳೆ. ನೆಲ ನಡುಗಿದ್ದು ಆಗ. ಆದರೆ ಮಾವೊರಿಗಳು ಇದ್ದದ್ದು ನೆಲದ ಮೇಲಲ್ಲ, ಕಂದಕ ತೋಡಿ ಮೇಲೆ ಸೂರು ಮಾಡಿ ನೆಲದ ಒಳಗೆ. ಎಲ್ಲ ಸತ್ತಿರಬೇಕೆಂದು ಸೈನಿಕರು ನುಗ್ಗಿದಾಗ ಮಣ್ಣಿನೊಳಗಿಂದ ಕೋವಿ ಮಾತಾಡಿತು. ಕೆಲವೇ ನಿಮಿಷಗಳಲ್ಲಿ ದಂಡು ಚೆಲ್ಲಾಪಿಲ್ಲಿಯಾಗಿ ಓಡಿತು. ಬ್ರಿಟಿಷರಲ್ಲಿ ಸತ್ತವರೇ ಮೂವತ್ತರ ಮೇಲೆ. ಆ ರಾತ್ರಿ ಕತ್ತಲಲ್ಲಿ ಮಾವೊರಿಗಳು ಕೋಟೆ ಬಿಟ್ಟು ಸದ್ದಿಲ್ಲದೆ ಹೊರಟುಹೋದರು.

ಹೋಗುವ ಮುನ್ನ ನಡೆದ ಒಂದು ಘಟನೆಯನ್ನು ಅಲ್ಲಿಯವರು ಇವತ್ತೂ ಹೇಳುತ್ತಾರೆ. ಗಾಯಗೊಂಡು ಕೋಟೆಯೊಳಗೆ ಬಿದ್ದಿದ್ದ ಶತ್ರು ಸೈನಿಕರಿಗೆ ಹೆನಿ ತೆ ಕಿರಿ ಕರಾಮು ಎಂಬ ಹೆಣ್ಣುಮಗಳು ನೀರು ಕುಡಿಸಿದಳು. ಅವಳೂ ಕಂದಕದಲ್ಲಿ ನಿಂತು ಕಾದಾಡಿದವಳೇ.

ಗೆಲುವು ಬಹಳ ದಿನ ಉಳಿಯಲಿಲ್ಲ. ಜೂನ್ 21ರಂದು ತೆ ರಂಗಾ ಎಂಬಲ್ಲಿ, ಕಂದಕ ಇನ್ನೂ ಅರ್ಧ ತೋಡಿರುವಾಗ ದಂಡು ಮೇಲೆ ಬಿತ್ತು. ಪುಹಿರಾಕೆ ಸತ್ತ. ಆಮೇಲೆ ಭೂಮಿ ಜಪ್ತಿ. ಕಿತ್ತೂರಿನ 1824ರ ಅಕ್ಟೋಬರಿನ ಗೆಲುವು, ಡಿಸೆಂಬರಿನ ಸೋಲು ಗೊತ್ತಿರುವ ನಮಗೆ ಈ ಕಥೆಯ ಏರಿಳಿತ ಹೊಸದಲ್ಲ. ಆ ಕಥೆ ನಮ್ಮಲ್ಲಿ ಉಳಿದದ್ದು ಪಠ್ಯಪುಸ್ತಕಕ್ಕಿಂತ ಮೊದಲು ಲಾವಣಿಯಲ್ಲಿ, ಡಪ್ಪು ತುಂತುಣಿಯ ಮೇಲೆ. ಡಿ ಯಾಂಗ್ ಅಣ್ಣತಮ್ಮಂದಿರ ಪೂರ್ವಜ ತೆ ಅಹೊಅಹೊ ಗೇಟ್ ಪಾ ಕಾಳಗದಲ್ಲಿ ಸತ್ತವನು. ಹುಡುಗರು ಮಾಡಿದ್ದು ಲಾವಣಿ ಕಟ್ಟುವ ಕೆಲಸವೇ. ತುಂತುಣಿಯ ಜಾಗದಲ್ಲಿ ಗಿಟಾರು, ಡಪ್ಪಿನ ಜಾಗದಲ್ಲಿ ಎರಡು ಕಾಲಲ್ಲಿ ತುಳಿಯುವ ಡ್ರಮ್ಮು. ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರಿನ ಮೇಲೆ ಕೂರಿಸಿಕೊಂಡು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಗೆ ಹೋದರಲ್ಲ, ಆ ಸಾಲಿನವರು ಇವರು. ಸಿಟ್ಟು ಮಾತ್ರ ಬೇರೆ ಜಾತಿಯದು.

ಮೆಟಲ್ ಸಂಗೀತದ ಬಗ್ಗೆ ನನಗೊಂದು ಪೂರ್ವಗ್ರಹ ಇತ್ತು: ಮಾತು ಯಾರಿಗೂ ತಿಳಿಯದಿರುವುದರಿಂದ ಯಾವ ಭಾಷೆಯಾದರೂ ಒಂದೇ ಎಂದು. ಈ ಹಾಡು ಕೇಳಿದ ಮೇಲೆ ಅದು ಸುಳ್ಳೆನಿಸಿತು. ಮಾವೊರಿಯಲ್ಲಿ ಪ್ರತಿ ಪದವೂ ಸ್ವರದಲ್ಲೇ ಮುಗಿಯುತ್ತದೆ, ಹೆಚ್ಚುಕಡಿಮೆ ನಮ್ಮ ಕನ್ನಡದ ಹಾಗೆ. ಡ್ರಮ್ಮಿನ ಪೆಟ್ಟಿನ ಮೇಲೆ ಅಂಥ ಪದ ಬಿದ್ದರೆ ಕತ್ತರಿಸಿಹೋಗುವುದಿಲ್ಲ, ಮೊಳಗುತ್ತದೆ. ಕೂಗುವುದಕ್ಕೆ ಹೇಳಿ ಮಾಡಿಸಿದ ಭಾಷೆ.

ನಮ್ಮ ಹುಡುಗ ದಿನವೂ ಆಫೀಸಿಗೆ ಹೋಗುವುದು ಕ್ಯಾಮರೂನ್ ರಸ್ತೆಯಲ್ಲಿ. ಊರಿನ ಮುಖ್ಯ ರಸ್ತೆ ಅದು; ಸೋತ ಜನರಲ್‌ನ ಹೆಸರೇ ಅದಕ್ಕೆ. ಗೇಟ್ ಪಾ ಅಲ್ಲೇ ರಸ್ತೆಯ ಪಕ್ಕದಲ್ಲಿದೆ, ಈಗ ಅಲ್ಲೊಂದು ಚರ್ಚು. ಎರಡು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ಅದು ಬಸ್ ಸ್ಟಾಪಿನ ಹೆಸರು ಅಂದುಕೊಂಡಿದ್ದನಂತೆ. ಪರ್ಲ್ ಜಾಮ್ ಕೇಳಿ ವಾಪಸ್ ಬರುವಾಗ ಗೆಳೆಯನೊಬ್ಬ ಕಾರಿನಲ್ಲಿ ಈ ಹಾಡು ಹಾಕಿ ವಿಷಯ ಹೇಳಿದ. ಮುಂದಿನ ಭಾನುವಾರ ಹುಡುಗ ಅಲ್ಲಿಗೆ ಹೋಗಿ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಬಂದ. 'ಅಲ್ಲೇನೂ ಕೇಳಿಸಲಿಲ್ಲ ಮಾವ, ಗಾಡಿಗಳ ಸದ್ದು' ಅಂದ.

ಹಾಡಿನ ಲಿಂಕನ್ನು ಅಕ್ಕನಿಗೂ ವಾಟ್ಸ್ಯಾಪಿನಲ್ಲಿ ಕಳಿಸಿದ್ದಾನೆ. ಅದರ ಹಿಂದಿನ ಕಥೆಯನ್ನು ನಾನು ಹೇಳಿದ್ದೆ. ಅಕ್ಕ ಮೊದಲ ಸಲ ಕೇಳಿ 'ಇದೇನೋ ಮೈಮೇಲೆ ಬಂದವರ ಥರ' ಎಂದು ನಿಲ್ಲಿಸಿಬಿಟ್ಟಳು. ಎರಡನೇ ಸಲ ಪೂರ್ತಿ ಕೇಳಿದಳಂತೆ, ಅಡುಗೆಮನೆಯಲ್ಲಿ, ಕುಕ್ಕರು ಇಳಿಸಿದ ಮೇಲೆ. ಆ ಸಂಜೆ ನನಗೆ ಫೋನು ಮಾಡಿ ಹಾಡಿನ ಬಗ್ಗೆ ಏನೂ ಹೇಳಲಿಲ್ಲ.

'ನೀರು ಕೊಟ್ಟಳಲ್ಲ, ಅವಳ ಹೆಸರು ಏನಂದೆ?'

'ಹೆನಿ. ಹೆನಿ ತೆ ಕಿರಿ ಕರಾಮು.'

'ಹನಿ ಅಂತಲೇ ಇಟ್ಕೋತೀನಿ' ಅಂದಳು ಅಕ್ಕ.